ಮೇಪಲ್ ಎಲೆಯ ಜೋಳವಾಳಿ

ನಮ್ಮ ಹಳಗನ್ನಡ ಸಾಹಿತ್ಯದಲ್ಲಿ 'ಜೋಳವಾಳಿ' ಎಂಬುದೊಂದು ಮಾತುಂಟು. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರವಾಗಿ ನಿಂತು ಕಾದುವುದು, ಅಗತ್ಯ ಬಿದ್ದರೆ ಸಾಯುವುದು ಅದರ ಅರ್ಥ. ತನ್ನ ಹುಟ್ಟಿನ ಗುಟ್ಟನ್ನು ಅರಿತ ಮೇಲೂ ಕರ್ಣನು ಕೌರವನನ್ನು ಬಿಡದಿದ್ದುದು ಈ ಋಣದಿಂದ. ತರಗತಿಯಲ್ಲಿ ಈ ಮಾತನ್ನು ವಿವರಿಸುವಾಗ ನಾನು ಒಂದಂಶವನ್ನು ಒತ್ತಿ ಹೇಳುತ್ತೇನೆ: ನಿಷ್ಠೆ ಎಷ್ಟೇ ಕುರುಡೆಂದು ಕಂಡರೂ, ಅದಕ್ಕೆ ಮೊದಲು ಒಡೆಯನು ಅನ್ನವಿಟ್ಟಿರುತ್ತಾನೆ. ಈ ಕ್ರಮ ತಲೆಕೆಳಗಾಗಿ, ಅನ್ನವಿಡುವವನೂ ಆಳೇ, ನಿಷ್ಠೆ ತೋರುವವನೂ ಆಳೇ ಆದರೆ? ಕೆನಡಾ ದೇಶದ ಟೊರಾಂಟೊ ನಗರದ ಐಸ್ ಹಾಕಿ ತಂಡದ ಚರಿತ್ರೆಯನ್ನು ಓದಿದವರಿಗೆ ಇದು ಬರಿಯ ಊಹೆಯೆನಿಸದು.

ಮಂಜುಗಡ್ಡೆಯ ನೆಲದ ಮೇಲೆ ಉಕ್ಕಿನ ಅಲಗಿನ ಪಾದರಕ್ಷೆ ತೊಟ್ಟು ಜಾರುತ್ತ, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಅಟ್ಟುವ ಈ ಆಟ ಕೆನಡಾದವರಿಗೆ ಪ್ರಾಣ. 1927ರಲ್ಲಿ ಕಾನ್ ಸ್ಮೈತ್ ಮತ್ತು ಅವನ ಸಂಗಡಿಗರು ಟೊರಾಂಟೊದ ತಂಡವನ್ನು ಕೊಂಡು ಅದಕ್ಕೆ 'ಮೇಪಲ್ ಲೀಫ್ಸ್' ಎಂದು ಹೆಸರಿಟ್ಟರು. 1931ರ ಆರ್ಥಿಕ ಮುಗ್ಗಟ್ಟಿನ ನಡುವೆ ಮೇಪಲ್ ಲೀಫ್ ಗಾರ್ಡನ್ಸ್ ಎಂಬ ಕ್ರೀಡಾಂಗಣವೆದ್ದಿತು. ಹಣದ ಕೊರತೆಯಿದ್ದುದರಿಂದ ಕೆಲಸಗಾರರು ಕೂಲಿಯ ಒಂದು ಪಾಲನ್ನು ಷೇರುಗಳ ರೂಪದಲ್ಲಿ ಸ್ವೀಕರಿಸಿ ಅದನ್ನು ಕಟ್ಟಿದರು. ಅಲ್ಲಿಂದ ಬಿತ್ತರಗೊಂಡ ಆಟದ ವರ್ಣನೆಯನ್ನು ದೂರದ ಹಳ್ಳಿಗಳ ಜನವೂ ರೇಡಿಯೋ ಮುಂದೆ ಕುಳಿತು ಕೇಳಿದರು. ತಂಡ ಗೆದ್ದಿತು, ಮತ್ತೆ ಮತ್ತೆ ಗೆದ್ದಿತು. ಕೊನೆಯ ಸಲ ಸ್ಟ್ಯಾನ್ಲಿ ಕಪ್ ಗೆದ್ದುದು 1967ರಲ್ಲಿ. ಆ ವರ್ಷ ಹುಟ್ಟಿದ ಕೂಸುಗಳಲ್ಲಿ ಎಷ್ಟೋ ಮಂದಿ ಈಗ ಅಜ್ಜಂದಿರಾಗಿದ್ದಾರೆ.

1972ರಲ್ಲಿ ತಂಡವೂ ಕ್ರೀಡಾಂಗಣವೂ ಹ್ಯಾರಲ್ಡ್ ಬಲಾರ್ಡ್ ಎಂಬವನ ವಶವಾದುವು. ಅದೇ ವರ್ಷ ವಂಚನೆ ಮತ್ತು ಕಳವಿಗಾಗಿ ಅವನಿಗೆ ಮೂರು ವರ್ಷದ ಶಿಕ್ಷೆಯಾಯಿತು. ಸುಮಾರು ಒಂದು ವರ್ಷ ಸೆರೆಯಲ್ಲಿದ್ದು, ಹೊರಬಂದು ಮತ್ತೆ ಗದ್ದುಗೆಯಲ್ಲಿ ಕುಳಿತ. ಆಟಗಾರರ ಬೆನ್ನ ಮೇಲೆ ಹೆಸರು ಬರೆಸಬೇಕೆಂದು ಲೀಗಿನವರು ಕಡ್ಡಾಯ ಮಾಡಿದಾಗ, ಹಾಗಾದರೆ ಆಟಗಾರರ ಪಟ್ಟಿಯ ಪುಸ್ತಿಕೆಯನ್ನು ಯಾರು ಕೊಳ್ಳುತ್ತಾರೆಂಬ ಚಿಂತೆ ಅವನನ್ನು ಹಿಡಿಯಿತು. 1978ರಲ್ಲಿ ನೀಲಿ ಅಂಗಿಯ ಮೇಲೆ ನೀಲಿಯ ಅಕ್ಷರಗಳಲ್ಲಿಯೇ ಹೆಸರು ಬರೆಸಿದ! ಮರುವರ್ಷ ರೋಜರ್ ನೀಲ್ಸನ್ ಎಂಬ ತರಬೇತುದಾರನನ್ನು ತೆಗೆದುಹಾಕಿ, ಬೇರೆ ಯಾರೂ ಸಿಗದೆ ಅವನನ್ನೇ ಮರಳಿ ಕರೆದು, ತಲೆಗೆ ಕಾಗದದ ಚೀಲ ಹಾಕಿಕೊಂಡು ಜನರ ಮುಂದೆ ಬಾ ಎಂದ. ನೀಲ್ಸನ್ ಒಪ್ಪಲಿಲ್ಲ, ಮಾನವುಳ್ಳ ಮನುಷ್ಯ.

ನಗು ತರಿಸುವ ಈ ಪ್ರಸಂಗಗಳ ಹಿಂದೆ ನೋವೂ ಇತ್ತು. ಡ್ಯಾರಿಲ್ ಸಿಟ್ಲರ್ ಆಗ ತಂಡದ ನಾಯಕ, ಜನರ ಕಣ್ಮಣಿ. ನಿರ್ವಾಹಕನಾಗಿ ಬಂದ ಪಂಚ್ ಇಮ್ಲಾಕನಿಗೂ ಅವನಿಗೂ ಸರಿಬೀಳಲಿಲ್ಲ. ಸಿಟ್ಲರನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡಲು ಕರಾರಿನಲ್ಲಿ ಅವಕಾಶವಿರಲಿಲ್ಲ. ಆದುದರಿಂದ 1979ರ ಡಿಸೆಂಬರಿನಲ್ಲಿ ಅವನ ಆಪ್ತಮಿತ್ರ ಲ್ಯಾನಿ ಮೆಕ್‌ಡೊನಾಲ್ಡನನ್ನು ಕೊಲರಾಡೊ ತಂಡಕ್ಕೆ ಅಟ್ಟಿಬಿಟ್ಟರು. ಸಿಟ್ಲರ್ ತನ್ನ ಅಂಗಿಯ ಮೇಲಿನ ನಾಯಕನ ಗುರುತನ್ನು ಕಿತ್ತು ತೆಗೆದ. ಜನ ಕ್ರೀಡಾಂಗಣದೆದುರು ನೆರೆದು ಪ್ರತಿಭಟಿಸಿದರು. ಆದರೆ ಮುಂದಿನ ಆಟಗಳಿಗೂ ಆಸನಗಳು ತುಂಬಿದುವು. 1980ರ ದಶಕದ ಯಾವೊಂದು ಋತುವಿನಲ್ಲಿಯೂ ತಂಡದ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ. ಗಲ್ಲಾಪೆಟ್ಟಿಗೆ ಮಾತ್ರ ಬರಿದಾಗಲಿಲ್ಲ.

ಪ್ರೇಕ್ಷಕರೇಕೆ ಬಿಟ್ಟುಹೋಗಲಿಲ್ಲ? ಕೇಳುವುದು ಸುಲಭ. ಊರಿಗೆ ಒಂದೇ ಬಾವಿಯಿದ್ದರೆ ನೀರು ಉಪ್ಪೆಂದು ಯಾರು ಬಿಟ್ಟಾರು? ಲೀಗಿನ ಕಟ್ಟಳೆಯಂತೆ ಆ ನಗರದಲ್ಲಿ ಇನ್ನೊಂದು ತಂಡವಿಲ್ಲ. ಋತುಚೀಟಿಗಳು ಮನೆತನದ ಆಸ್ತಿಯಂತೆ ತಂದೆಯಿಂದ ಮಕ್ಕಳಿಗೆ ಇಳಿದು ಬಂದವು. ಒಬ್ಬನು ಬಿಟ್ಟರೆ ಕೊಳ್ಳಲು ಹಿಂದೆ ಸಾಲೇ ನಿಂತಿದೆ. ಸೋತರೂ ಗೆದ್ದರೂ ಆಸನ ತುಂಬುವುದಾದರೆ ಒಡೆಯನು ಗೆಲುವಿಗಾಗಿ ಏಕೆ ದುಡ್ಡು ಸುರಿಯಬೇಕು? ನನಗೆ ತೋರುವಂತೆ ಬಲಾರ್ಡನ ಉದ್ಧಟತನಕ್ಕೆ ಬಲವಿತ್ತದ್ದು ಅವನ ದುಷ್ಟತನವಲ್ಲ, ಆ ಜನರ ಪ್ರೀತಿಯೇ.

ಅವನು 1990ರಲ್ಲಿ ತೀರಿಕೊಂಡ. ಮುಂದೆ ತಂಡದ ಬಹುಪಾಲು ಒಡೆತನ ಯಾರ ಕೈಗೆ ಬಂತೆನ್ನುತ್ತೀರಿ? ಆಂಟೇರಿಯೊ ಪ್ರಾಂತದ ಉಪಾಧ್ಯಾಯರ ನಿವೃತ್ತಿವೇತನ ನಿಧಿಗೆ! ನಾನೂ ಮೇಷ್ಟರ ವೃತ್ತಿಯವನಾದುದರಿಂದ ಈ ಭಾಗವನ್ನು ಎರಡು ಸಲ ಓದಿದೆ. ಬಲಾರ್ಡನ ಅಟ್ಟಹಾಸದ ಜಾಗದಲ್ಲಿ ಅಚ್ಚುಕಟ್ಟಾದ ಲೆಕ್ಕಪತ್ರಗಳು ಬಂದುವು. ನಿಧಿಯನ್ನು ಬೆಳೆಸುವುದು ಅದರ ಆಡಳಿತದವರ ಧರ್ಮ, ಅವರು ಬೆಳೆಸಿದರು. ತಂಡ ಮಾತ್ರ 2005ರಿಂದ 2012ರವರೆಗೆ ಏಳು ಋತುಗಳ ಕಾಲ ಕಪ್ಪಿಗಾಗಿ ನಡೆಯುವ ಕೊನೆಯ ಸುತ್ತುಗಳನ್ನು ಮುಟ್ಟಲೇ ಇಲ್ಲ. 2012ರಲ್ಲಿ ನಿಧಿಯು ತನ್ನ ಪಾಲನ್ನು ಬೆಲ್ ಮತ್ತು ರೋಜರ್ಸ್ ಎಂಬೆರಡು ದೂರಸಂಪರ್ಕ ಕಂಪನಿಗಳಿಗೆ ಸುಮಾರು 132 ಕೋಟಿ ಡಾಲರಿಗೆ ಮಾರಿತು. ಹಳೆಯ ಗಾರ್ಡನ್ಸ್ ಕಟ್ಟಡದಲ್ಲಿ ಈಗ ದಿನಸಿ ಅಂಗಡಿಯಿದೆ. ಆಟದ ನಟ್ಟನಡುವಿನ ಜಾಗವನ್ನು ಸೂಚಿಸಲು ನೆಲದ ಮೇಲೆ ಒಂದು ಕೆಂಪು ಬೊಟ್ಟು ಇಟ್ಟಿದ್ದಾರೆ.

ಟೊರಾಂಟೊದವರಿಗೆ ತಂಡವಾದರೂ ಉಳಿಯಿತು. ಪಶ್ಚಿಮದ ಹುಲ್ಲುಗಾವಲಿನ ವಿನಿಪೆಗ್ ನಗರಕ್ಕೆ ಆ ಭಾಗ್ಯವೂ ಇರಲಿಲ್ಲ. ಆಟಗಾರರ ಸಂಬಳ ಅಮೆರಿಕದ ಡಾಲರಿನಲ್ಲಿ, ಆದಾಯ ಬೆಲೆ ಕುಸಿದ ಕೆನಡಾದ ಡಾಲರಿನಲ್ಲಿ, ಕ್ರೀಡಾಂಗಣ ಹಳೆಯದು. ಜೆಟ್ಸ್ ತಂಡವನ್ನು ಉಳಿಸಿಕೊಳ್ಳಲು 1995ರಲ್ಲಿ ಊರಿಗೆ ಊರೇ ಬೀದಿಗಿಳಿಯಿತು. ಮಕ್ಕಳು ತಮ್ಮ ಕಾಸಿನ ಡಬ್ಬಿಗಳನ್ನು ಒಡೆದು ಹಣ ತಂದುಕೊಟ್ಟರು. ಆದರೂ 1996ರಲ್ಲಿ ತಂಡ ಅರಿಜೋನಾದ ಮರುಭೂಮಿಯ ಫೀನಿಕ್ಸ್ ನಗರಕ್ಕೆ ಹೊರಟುಹೋಯಿತು. ಅದೇ ವಿನಿಪೆಗ್ಗಿನ ಬ್ಲೂ ಬಾಂಬರ್ಸ್ ಎಂಬ ಫುಟ್‌ಬಾಲ್ ತಂಡ ಊರವರದು, ಲಾಭಕ್ಕಾಗಿ ನಡೆಯುವುದಲ್ಲ. 1990ರ ನಂತರ 2019ರವರೆಗೆ ಅದು ತನ್ನ ಲೀಗಿನ ಕಪ್ ಗೆಲ್ಲಲಿಲ್ಲ. ಆ ಅವಧಿಯಲ್ಲಿ ಅದನ್ನು ಮಾರಿ ಬೇರೆ ಊರಿಗೆ ಸಾಗಿಸುವ ಖಾಸಗಿ ಧಣಿಯೊಬ್ಬ ಇರಲಿಲ್ಲ.

2011ರಲ್ಲಿ ವಿನಿಪೆಗ್ಗಿಗೆ ಹಾಕಿ ತಂಡ ಮರಳಿ ಬಂತು. 13,000 ಋತುಚೀಟಿಗಳು ಕೆಲವೇ ದಿನಗಳಲ್ಲಿ ಮುಗಿದುವು, ಜನ ಬೀದಿಯಲ್ಲಿ ಕುಣಿದರು. ಬಂದದ್ದು ಮಾತ್ರ ಹಳೆಯ ತಂಡವಲ್ಲ, ಅಮೆರಿಕದ ಅಟ್ಲಾಂಟಾದಿಂದ ಕೊಂಡು ತಂದದ್ದು. ಅಟ್ಲಾಂಟಾದವರು ಹೀಗೆ ಕೆನಡಾಕ್ಕೆ ತಂಡವನ್ನು ಕಳೆದುಕೊಂಡದ್ದು ಎರಡನೆಯ ಸಲ. 1980ರಲ್ಲಿ ಅವರ ಮೊದಲ ತಂಡ ಕ್ಯಾಲ್ಗರಿಗೆ ಹೋಗಿತ್ತು. ಟೊರಾಂಟೊ ಅಟ್ಟಿದ ಲ್ಯಾನಿ ಮೆಕ್‌ಡೊನಾಲ್ಡ್ 1989ರಲ್ಲಿ ಸ್ಟ್ಯಾನ್ಲಿ ಕಪ್ಪನ್ನು ಎತ್ತಿ ಹಿಡಿದದ್ದು ಆ ಕ್ಯಾಲ್ಗರಿ ತಂಡದಲ್ಲಿದ್ದುಕೊಂಡು.