ದುಡಿದ ಮೈಗೆ ಬಿಸಿ ಶಾಖ: ಮನೆಯಲ್ಲಿ ಬಳಸುವ ಕ್ರಮ

ನವರಾತ್ರಿಯಲ್ಲಿ ದೇವರಗುಡ್ಡದ ಮಾಲತೇಶನ ಕಾರಣಿಕ ನುಡಿದಾದ ಮೇಲೆ ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿಗಳ ಕೆಲಸವು ಒಂದರ ಹಿಂದೊಂದು ಬರುತ್ತದೆ. ಬಗ್ಗಿ ಬಿಡಿಸುವದೂ ಚೀಲ ಹೊರುವದೂ ಸೊಂಟ ಹೆಗಲುಗಳನ್ನು ಹಿಡಿಯುವ ಕೆಲಸಗಳೇ. ಎತ್ತಿನ ಹೆಗಲು ಬಾತರೆ ಅಂದೇ ಆರೈಕೆ ಮಾಡುವ ಒಕ್ಕಲಿಗನು ತನ್ನ ಸೊಂಟನೋವನ್ನು ಸುಗ್ಗಿ ಮುಗಿಯುವತನಕ ಮುಂದೂಡುತ್ತಾನೆ. ಈಚೆಗೆ ವಿದ್ಯುತ್ತಿನಿಂದ ಕಾದು, ಅದುರಿ, ಮೈಯನ್ನು ನೀವುವ ಸಾಧನಗಳು ಹಳ್ಳಿಗಳಿಗೂ ಬಂದಿವೆ. ಅವುಗಳ ಗುಣವನ್ನೂ ಮಿತಿಯನ್ನೂ ಗ್ರಾಮದ ಹಿರಿಯರೂ ಜಮೀನುದಾರರೂ ಅರಿತು ಆಳುಗಳಿಗೆ ತಿಳಿಸತಕ್ಕದ್ದು.

ಬಿಸಿ ತಗುಲಿದಲ್ಲಿ ರಕ್ತನಾಳಗಳು ಹಿಗ್ಗಿ, ಬಿಗಿದ ಸ್ನಾಯುಗಳು ಸಡಿಲಾಗಿ, ನೋವು ಕೆಲಹೊತ್ತು ಇಳಿಯುವದು. ಉಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟುಕಟ್ಟಿ ಕೊಡುವ ಶಾಖದ ಗುಣವೂ ಇದೇ ಆಗಿದೆ; ಆದುದರಿಂದ ಯಂತ್ರಕ್ಕಾಗಿ ಸಾಲ ಮಾಡಬೇಕಾದ ಕಾರಣವಿಲ್ಲ. ಭೇದವೊಂದುಂಟು. ಉಪ್ಪಿನ ಗಂಟು ತಾನಾಗಿ ಆರುತ್ತದೆ; ಯಂತ್ರವು ಗುಂಡಿ ಒತ್ತಿ ನಿಲ್ಲಿಸುವತನಕ ಕಾಯುತ್ತಲೇ ಇರಬಹುದು. 1947ರಲ್ಲಿ ಅಮೇರಿಕೆಯ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗಗಳಂತೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಹಿತವೆನಿಸುವ 44 ಡಿಗ್ರಿಯೂ ಸುಮಾರು 6 ತಾಸು ತಗುಲಿಯೇ ಇದ್ದರೆ ಸುಡುವದು. ಸಾಧನದ ಮೇಲೆ ಮಲಗಿ ನಿದ್ದೆಹೋಗಬಾರದೆಂಬುದು ಇದರಿಂದ ಸ್ಪಷ್ಟವಾಗುವದು.

ಮೆಣಸಿನಕಾಯಿ ಬೆಳೆಯುವವರಿಗೆ ಇನ್ನೊಂದು ಸಂಗತಿ ಸ್ವಾರಸ್ಯವಾಗಿ ತೋರಬಹುದು. ಚರ್ಮದ ನರಗಳಲ್ಲಿ ಸುಮಾರು 43 ಡಿಗ್ರಿಗೆ ಎಚ್ಚರಗೊಳ್ಳುವ ಗ್ರಾಹಕವೊಂದಿದೆ. ಅದನ್ನೇ ಮೆಣಸಿನಕಾಯಿಯ ಖಾರದ್ರವ್ಯವೂ ಕೆರಳಿಸುತ್ತದೆಂದು ಡೇವಿಡ್ ಜೂಲಿಯಸ್ ಅವರ ತಂಡವು 1997ರಲ್ಲಿ ಕಂಡುಹಿಡಿಯಿತು. 2021ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಪಾಲಾಗಿ ದೊರೆಯಿತು. ಕಾಯಿ ಬಿಡಿಸಿದ ಕೈ ತಣ್ಣೀರಿನಲ್ಲಿಟ್ಟು ತೆಗೆದರೂ ಉರಿಯುವದು ಇದರಿಂದಲೇ. ಖಾರವುಳ್ಳ ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಬಿಸಿ ಸಾಧನವನ್ನು ಇಡಕೂಡದು.

ಈ ಎಚ್ಚರಿಕೆಯ ನರಗಳೇ ಮಧುಮೇಹವುಳ್ಳ ಅನೇಕರಲ್ಲಿ, ವಿಶೇಷವಾಗಿ ಪಾದಗಳಲ್ಲಿ, ಮಂದವಾಗಿರುತ್ತವೆ. ಅಂಥವರಿಗೆ ಕಾಲು ಸುಟ್ಟದ್ದು ಬೊಬ್ಬೆ ಎದ್ದ ಮೇಲೆಯೇ ತಿಳಿಯುವದು. ಹುಣ್ಣು ಮಾಯದೆ ಬೆರಳು ಕಳೆಯಬೇಕಾಗಿಯೂ ಬರಬಹುದು. ಮಗನು ಪ್ರೀತಿಯಿಂದ ತಂದೆಗೆ ತಂದುಕೊಟ್ಟ ಸಾಧನವೇ ಕೇಡಾಗುವದು ಹೀಗೆ. ಜೋಮುಹಿಡಿದ ಕಾಲಿಗೆ ಬಿಸಿಯನ್ನು ಸರ್ವಥಾ ಕೊಡಬಾರದು.

ಉಳಿದವರು ನಡುವೆ ಬಟ್ಟೆಯಿಟ್ಟು, ಕಡಿಮೆ ಬಿಸಿಯಲ್ಲಿ, 15ರಿಂದ 20 ನಿಮಿಷ ಮಾತ್ರ ಬಳಸತಕ್ಕದ್ದು. ಮಾಂಸಖಂಡದ ಮೇಲೆ ಆಡಿಸಬೇಕೇ ಹೊರತು ಬೆನ್ನೆಲುಬಿನ ಮೇಲಾಗಲಿ ಕೊರಳಿನ ಮುಂಭಾಗದಲ್ಲಾಗಲಿ ಅಲ್ಲ. ಹೊಸದಾಗಿ ಉಳುಕಿ ಬಾತಿದ್ದರೆ ಮೊದಲ 2 ದಿನ ತಣ್ಣನೆಯ ಬಟ್ಟೆಯೇ ಮೇಲು. ಒಂದೇ ಮೀನಖಂಡ ಕಾರಣವಿಲ್ಲದೆ ಬಾತು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ನೀವಲೇಬಾರದು. ಗರ್ಭಿಣಿಯರೂ ಹೃದಯಕ್ಕೆ ಯಂತ್ರ ಜೋಡಿಸಿಕೊಂಡವರೂ ವೈದ್ಯರನ್ನು ಕೇಳದೆ ಬಳಸಕೂಡದು. ತಂತಿಯ ಹೊದಿಕೆ ಹರಿದ ಸಾಧನವನ್ನೂ ಒದ್ದೆಗೈಯನ್ನೂ ದೂರವಿಡುವದು.

ಸೊಂಟನೋವಿನ ಸಂಗಡ ಕಾಲಿನಲ್ಲಿ ಬಲ ಕುಂದಿದರೆ, ಇಲ್ಲವೆ ಮೂತ್ರ ಕಟ್ಟಿದರೆ, ಶಾಖ ಕೊಡುತ್ತ ಕೂಡ್ರದೆ ಅದೇ ದಿನ ರಾಣೇಬೆನ್ನೂರು ಅಥವಾ ಬ್ಯಾಡಗಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.