52, 42, 2: ಆಂಡ್ರೆಟ್ಟಿ ಮನೆಯ ಮೂರನೇ ತಲೆಮಾರು

52, 42, 2. ಇದು ಗಣಿತದ ಒಗಟಲ್ಲ. ಒಂದೇ ಮನೆಯ ತಾತ, ಅಪ್ಪ, ಮಗ ಮೂವರೂ ಅಮೆರಿಕದ ಇಂಡಿಕಾರ್ ರೇಸುಗಳಲ್ಲಿ ಗೆದ್ದ ಲೆಕ್ಕ. ತಾತ ಮಾರಿಯೊ ಆಂಡ್ರೆಟ್ಟಿ ಗೆದ್ದದ್ದು 52. ಅಪ್ಪ ಮೈಕೆಲ್ ಗೆದ್ದದ್ದು 42. ಮಗ ಮಾರ್ಕೊ ಎರಡೇ ಎರಡು. 2025ರ ಅಕ್ಟೋಬರ್‌ನಲ್ಲಿ, 38ನೇ ವಯಸ್ಸಿನಲ್ಲಿ, ಮಾರ್ಕೊ ಇನ್ನು ಸಾಕು ಅಂತ ನಿವೃತ್ತಿ ಘೋಷಿಸಿದ.

‘ಅಯ್ಯೋ, ಅಷ್ಟು ದೊಡ್ಡ ಮನೆಯಲ್ಲಿ ಹುಟ್ಟಿಯೂ ಇಷ್ಟೇನಾ?’ ಅಂತ ಯಾರಿಗಾದರೂ ಅನ್ನಿಸುತ್ತೆ. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಆದರೆ ನಾನು ಸಾಫ್ಟ್‌ವೇರ್ ಎಂಜಿನಿಯರ್. ಒಂದು ಪುಟ ತೆರೆಯೋಕೆ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ನೋಡುತ್ತಾ ಕೂರೋದೇ ನನ್ನ ಕೆಲಸ. ಹಾಗಾಗಿ ಒಂದು ಅಂಕಿ ಕಂಡರೆ ಅದರ ಹಿಂದೆ ಏನಿದೆ ಅಂತ ಕೆದಕದೆ ಮನಸ್ಸು ಬಿಡುವುದಿಲ್ಲ. ಕೆದಕಿದಾಗ ಸಿಕ್ಕಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಮಡ್‌ಗಾರ್ಡ್ ಇಲ್ಲದ ಕಾರು

ರೇಸ್ ನೋಡದವರಿಗಾಗಿ ಎರಡು ಮಾತು. ಇಂಡಿಕಾರ್ ಅಂದರೆ ‘ಓಪನ್ ವೀಲ್’ ಕಾರು. ನಮ್ಮ ರಸ್ತೆಯ ಕಾರುಗಳ ಹಾಗೆ ಇದರ ಚಕ್ರದ ಮೇಲೆ ಮಡ್‌ಗಾರ್ಡ್ ಇರುವುದಿಲ್ಲ. ನಾಲ್ಕೂ ಚಕ್ರ ದೇಹದಿಂದ ಹೊರಗೆ ಚಾಚಿಕೊಂಡಿರುತ್ತವೆ. ಒಂದು ಕಾರಿನ ಚಕ್ರ ಇನ್ನೊಂದರ ಚಕ್ರಕ್ಕೆ ತಗುಲಿತೋ, ಕಾರು ಗಾಳಿಯಲ್ಲಿ! ಇಂಥ ಕಾರುಗಳ ದೊಡ್ಡ ಹಬ್ಬ ಪ್ರತಿ ಮೇ ಕೊನೆಯಲ್ಲಿ ನಡೆಯುವ ಇಂಡಿಯಾನಾಪೊಲಿಸ್ 500. ನಾಲ್ಕು ಕಿಲೋಮೀಟರ್‌ನ ಟ್ರ್ಯಾಕು, 33 ಕಾರು, 200 ಸುತ್ತು, ಒಟ್ಟು 500 ಮೈಲಿ. ಅಂದರೆ ಸುಮಾರು 805 ಕಿಲೋಮೀಟರ್. ಗೆದ್ದವರು ಷಾಂಪೇನ್ ಚಿಮ್ಮಿಸುವುದಿಲ್ಲ, ಹಾಲು ಕುಡಿಯುತ್ತಾರೆ. ನಮ್ಮಲ್ಲಿ ಇದನ್ನು ನೇರವಾಗಿ ನೋಡಬೇಕಾದರೆ ಭಾನುವಾರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಕೂರಬೇಕು. ಸೋಮವಾರದ ಮೀಟಿಂಗ್‌ನಲ್ಲಿ ಆಕಳಿಸುತ್ತಾ ಅದರ ಬೆಲೆ ತೆರುವವರಲ್ಲಿ ನಾನೂ ಒಬ್ಬ.

ಶಿಬಿರದಿಂದ ಶಿಖರಕ್ಕೆ

ಕಥೆ ಶುರುವಾಗುವುದು ತಾತನಿಂದ. ಮಾರಿಯೊ ಹುಟ್ಟಿದ್ದು 1940ರಲ್ಲಿ, ಮೊಂಟೋನಾ ಎಂಬ ಊರಿನಲ್ಲಿ. ಆಗ ಅದು ಇಟಲಿ, ಈಗ ಕ್ರೊಯೇಷಿಯಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಭಾಗ ಯುಗೊಸ್ಲಾವಿಯಾಕ್ಕೆ ಸೇರಿತು. ಆಂಡ್ರೆಟ್ಟಿ ಕುಟುಂಬ ಮನೆ ಬಿಟ್ಟು ಹೊರಟಿತು. ಇಟಲಿಯ ಲುಕ್ಕಾದಲ್ಲಿದ್ದ ನಿರಾಶ್ರಿತರ ಶಿಬಿರದಲ್ಲಿ ಏಳು ವರ್ಷ ಕಳೆಯಿತು. 1955ರಲ್ಲಿ ಹಡಗು ಹತ್ತಿ ಅಮೆರಿಕ ಸೇರಿದಾಗ ಅವರ ಕೈಯಲ್ಲಿದ್ದದ್ದು 125 ಡಾಲರ್ ಮಾತ್ರ.

ಪೆನ್ಸಿಲ್ವೇನಿಯಾದ ನಜರೆತ್ ಎಂಬ ಚಿಕ್ಕ ಊರಿನಲ್ಲಿ ಮಾರಿಯೊ ಮತ್ತು ಅವರ ಅವಳಿ ಸಹೋದರ ಆಲ್ಡೊ ಹಳೆಯದೊಂದು ಹಡ್ಸನ್ ಕಾರನ್ನು ರಿಪೇರಿ ಮಾಡಿ, ಅಪ್ಪನಿಗೆ ಗೊತ್ತಾಗದಂತೆ ಮಣ್ಣಿನ ಟ್ರ್ಯಾಕಿಗಿಳಿದರು. ಮೊದಲ ವರ್ಷವೇ ಆಲ್ಡೊಗೆ ಭಾರೀ ಅಪಘಾತವಾಗಿ ಕೋಮಾಕ್ಕೆ ಹೋದಾಗಲೇ ಗುಟ್ಟು ಬಯಲಾದದ್ದು. ಆದರೂ ಇಬ್ಬರೂ ಬಿಡಲಿಲ್ಲ. ಮಾರಿಯೊ 1967ರಲ್ಲಿ ಡೇಟೋನಾ 500, 1969ರಲ್ಲಿ ಇಂಡಿ 500, 1978ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. ಈ ಮೂರನ್ನೂ ಗೆದ್ದವರು ಜಗತ್ತಿನಲ್ಲಿ ಅವರೊಬ್ಬರೇ.

ಗಮನಿಸಿ, ಮಾರಿಯೊಗೆ ಕಳೆದುಕೊಳ್ಳೋಕೆ ಏನೂ ಇರಲಿಲ್ಲ. ಮೊಮ್ಮಗನ ಕಥೆ ಇದಕ್ಕೆ ಪೂರ್ತಿ ಉಲ್ಟಾ.

ಅಪ್ಪನ 431 ಸುತ್ತು

ಇಂಡಿ 500 ಮಾರಿಯೊಗೆ 1969ರ ನಂತರ ಮತ್ತೆ ಒಲಿಯಲಿಲ್ಲ. 1987ರಲ್ಲಿ 170 ಸುತ್ತು ಮುಂದಿದ್ದರು, ಎಂಜಿನ್ ಕೈಕೊಟ್ಟಿತು. ಮಗ ಮೈಕೆಲ್ ಅಂತೂ ಅಪ್ಪನಿಗಿಂತ ಹೆಚ್ಚು ನೊಂದವರು. 1991ರ ಚಾಂಪಿಯನ್ ಆಗಿದ್ದ ಅವರು 1992ರ ಇಂಡಿ 500ರಲ್ಲಿ 200 ಸುತ್ತುಗಳಲ್ಲಿ 160 ಸುತ್ತು ಮುಂದಿದ್ದರು. ಇನ್ನು ಬರೀ 11 ಸುತ್ತು ಬಾಕಿ ಅನ್ನುವಾಗ ಇಂಧನ ಪಂಪ್ ಕೆಟ್ಟು ಕಾರು ನಿಂತೇ ಹೋಯಿತು. ಅದೇ ದಿನ ಬೇರೆ ಬೇರೆ ಅಪಘಾತಗಳಲ್ಲಿ ಅಪ್ಪ ಮಾರಿಯೊಗೂ ತಮ್ಮ ಜೆಫ್‌ಗೂ ಕಾಲಿಗೆ ಗಂಭೀರ ಪೆಟ್ಟಾಗಿತ್ತು. ಒಂದೇ ಮನೆಗೆ ಒಂದೇ ದಿನ ಎಷ್ಟು ಅಂತ ಬರಬೇಕು?

ಮೈಕೆಲ್ ತಮ್ಮ ಜೀವನದಲ್ಲಿ ಇಂಡಿ 500ರಲ್ಲಿ ಒಟ್ಟು 431 ಸುತ್ತು ಮುಂದಿದ್ದರು. ಒಮ್ಮೆಯೂ ಗೆಲ್ಲದವರಲ್ಲಿ ಇದೇ ದಾಖಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ. ಪತ್ರಿಕೆಗಳು ಇದಕ್ಕೆ ‘ಆಂಡ್ರೆಟ್ಟಿ ಶಾಪ’ ಅಂತ ಹೆಸರಿಟ್ಟವು.

ಈ ಮನೆಯಲ್ಲಿ 1987ರ ಮಾರ್ಚ್‌ನಲ್ಲಿ ಹುಟ್ಟಿದವನು ಮಾರ್ಕೊ. ಹುಟ್ಟುವಾಗಲೇ ಅವನಿಗೆ ಹೆಸರೂ ಇತ್ತು, ಬಾಕಿ ಉಳಿದ ಲೆಕ್ಕವೂ ಇತ್ತು.

ಆರು ಮೀಟರ್

2006ರ ಇಂಡಿ 500. ಮಾರ್ಕೊಗೆ 19 ವರ್ಷ, ಅದೇ ಮೊದಲ ಸಲ. ಮಗನ ಜೊತೆ ಓಡಬೇಕು ಅಂತಲೇ ನಿವೃತ್ತರಾಗಿದ್ದ ಮೈಕೆಲ್ ಮತ್ತೆ ಹೆಲ್ಮೆಟ್ ತೊಟ್ಟಿದ್ದರು. ಕೊನೆಯ ನಾಲ್ಕು ಸುತ್ತು ಇರುವಾಗ ಮುಂದಿದ್ದವರು ಯಾರು ಗೊತ್ತಾ? ಅಪ್ಪ! ಅವರ ಬೆನ್ನಿಗೇ ಮಗ. ಅಪ್ಪ ಗೆಲ್ಲಲಿ ಅಂತ ಮಗ ಸುಮ್ಮನಿರಬಹುದಿತ್ತೇನೋ. ರೇಸ್‌ನಲ್ಲಿ ಹಾಗೆಲ್ಲ ನಡೆಯೋದಿಲ್ಲ. ಮಾರ್ಕೊ ಅಪ್ಪನನ್ನೇ ಹಿಂದಿಕ್ಕಿದ.

ಈಗ ಇವರ ಹಿಂದಿನಿಂದ ಬಂದವನು ಸ್ಯಾಮ್ ಹಾರ್ನಿಶ್. ಇಲ್ಲಿ ಒಂದು ವಿಜ್ಞಾನ ಹೇಳಬೇಕು. ಹೈವೇಯಲ್ಲಿ ದೊಡ್ಡ ಲಾರಿ ಹಿಂದೆ ಬೈಕ್ ಓಡಿಸಿದ್ದೀರಾ? ಎದುರುಗಾಳಿ ಕಡಿಮೆಯಾದಂತೆ ಅನ್ನಿಸುತ್ತೆ. ಗಾಳಿ ಸೀಳುವ ಕಷ್ಟ ಮುಂದಿನವನದ್ದು, ಹಿಂದಿನವನಿಗೆ ಪುಕ್ಕಟೆ ವೇಗ. ಹಾಗಾಗಿ ಕೊನೆಯ ಸುತ್ತಿನಲ್ಲಿ ಮುಂದೆ ಇರುವುದು ಅಂದರೆ ಬೆನ್ನು ತೋರಿಸಿಕೊಂಡು ಓಡಿದಂತೆ. ಹಾರ್ನಿಶ್ ಒಮ್ಮೆ ನುಗ್ಗಲು ನೋಡಿದ, ಮಾರ್ಕೊ ದಾರಿ ಮುಚ್ಚಿದ. ಹಾರ್ನಿಶ್ ವೇಗ ಕಳೆದುಕೊಂಡ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅವನು ಮತ್ತೆ ಹತ್ತಿರ ಬಂದು, ಅಂತಿಮ ಗೆರೆ ಕಣ್ಣಿಗೆ ಕಾಣುತ್ತಿರುವಾಗ ಪಕ್ಕದಿಂದ ಜಾರಿ ಮುಂದೆ ಹೋದ.

ಅಂತರ 0.0635 ಸೆಕೆಂಡ್. ಕಣ್ಣು ಮಿಟುಕಿಸೋಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಗಂಟೆಗೆ 350 ಕಿಲೋಮೀಟರ್ ವೇಗ ಅಂತ ಹಿಡಿದು ನಾನೇ ಗುಣಿಸಿ ನೋಡಿದೆ: ಸುಮಾರು ಆರು ಮೀಟರ್. 805 ಕಿಲೋಮೀಟರ್ ಓಡಿ, ಒಂದು ಕಾರಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಸೋಲು. ಮಗ ಎರಡನೆಯವ, ಅಪ್ಪ ಮೂರನೆಯವರು.

ಆದರೆ ಆ ದಿನ ಯಾರಿಗೂ ಇದು ದುರಂತ ಅನ್ನಿಸಲಿಲ್ಲ. ಹುಡುಗನಿಗೆ ಹತ್ತೊಂಬತ್ತು, ಇನ್ನೂ ಎಷ್ಟು ವರ್ಷ ಇದೆ! ಅದೇ ಆಗಸ್ಟ್‌ನಲ್ಲಿ ಸೊನೋಮಾದಲ್ಲಿ ಅವನು ತನ್ನ ಮೊದಲ ಗೆಲುವು ಪಡೆದ. ಆ ಸರಣಿಯಲ್ಲಿ ಗೆದ್ದ ಅತಿ ಕಿರಿಯ ಅನ್ನಿಸಿಕೊಂಡ. ಡಿಸೆಂಬರ್‌ನಲ್ಲಿ ಹೋಂಡಾದವರು ಸ್ಪೇನ್‌ಗೆ ಕರೆಸಿ ಫಾರ್ಮುಲಾ ಒನ್ ಕಾರು ಓಡಿಸಲು ಕೊಟ್ಟರು. ಇನ್ನೇನು, ತಾತನ ದಾರಿ ತೆರೆದೇ ಬಿಟ್ಟಿತು ಅಂತ ಎಲ್ಲರೂ ಅಂದುಕೊಂಡರು.

ಪಕ್ಕದ ಕಾರಿಗೆ ಹಾರ

ಹಾಗಾಗಲಿಲ್ಲ. ಮರುವರ್ಷ ಇಂಡಿಯಲ್ಲಿ ಡ್ಯಾನ್ ವೆಲ್ಡನ್ ಕಾರಿಗೆ ತಗುಲಿ ಮಾರ್ಕೊನ ಕಾರು ತಲೆಕೆಳಗಾಗಿ ಬಿತ್ತು. ಅದೃಷ್ಟಕ್ಕೆ ಅವನು ಎದ್ದು ನಡೆದುಬಂದ. ಎರಡನೇ ಗೆಲುವಿಗಾಗಿ 2011ರವರೆಗೆ ಕಾಯಬೇಕಾಯಿತು. ಅಯೋವಾದಲ್ಲಿ ಟೋನಿ ಕನಾನ್ ಜೊತೆ ಸೆಣಸಿ ಅದನ್ನು ಪಡೆದ. ಅದೇ ಕೊನೆಯದೂ ಆಯಿತು. 2013ರಲ್ಲಿ ಇಡೀ ಋತುವಿನ ಪಟ್ಟಿಯಲ್ಲಿ ಐದನೇ ಸ್ಥಾನ, ಅದೇ ಅವನ ಚೆಂದದ ವರ್ಷಗಳಲ್ಲೊಂದು. ಇಂಡಿ 500ರಲ್ಲಿ 2008, 2010, 2014ರಲ್ಲಿ ಮೂರನೆಯವನಾದ, 2013ರಲ್ಲಿ ನಾಲ್ಕನೆಯವನಾದ.

ಇದರಲ್ಲಿ ನನಗೆ ತುಂಬಾ ಕಾಡುವ ಸಂಗತಿ ಬೇರೆ. ಮಾರ್ಕೊ ಓಡುತ್ತಿದ್ದದ್ದು ಅಪ್ಪ ಮೈಕೆಲ್ ಅವರ ತಂಡಕ್ಕೆ. ಡ್ರೈವರ್ ಆಗಿ ಒಮ್ಮೆಯೂ ಗೆಲ್ಲದ ಮೈಕೆಲ್, ತಂಡದ ಮಾಲೀಕರಾಗಿ ಇಂಡಿ 500 ಐದು ಸಲ ಗೆದ್ದರು. 2005ರಲ್ಲಿ ವೆಲ್ಡನ್, 2007ರಲ್ಲಿ ಡಾರಿಯೊ ಫ್ರಾಂಕಿಟಿ, 2014ರಲ್ಲಿ ರಯಾನ್ ಹಂಟರ್-ರೇ, 2016ರಲ್ಲಿ ಅಲೆಕ್ಸಾಂಡರ್ ರಾಸಿ, 2017ರಲ್ಲಿ ಟಕುಮಾ ಸಾಟೊ. ಐದರಲ್ಲಿ ನಾಲ್ಕು ಸಲ ಮಾರ್ಕೊ ಅದೇ ತಂಡದ ಇನ್ನೊಂದು ಕಾರಿನಲ್ಲಿದ್ದ. ಅದೇ ಗ್ಯಾರೇಜು, ಅದೇ ಮೆಕ್ಯಾನಿಕ್‌ಗಳ ಬಳಗ, ಅದೇ ಅಪ್ಪ. ಹಾರ ಮಾತ್ರ ಪಕ್ಕದ ಕಾರಿನವನಿಗೆ. ‘ಕಾರು ಸರಿಯಿರಲಿಲ್ಲ’ ಅನ್ನುವ ನೆಪವೂ ಅವನಿಗೆ ಉಳಿಯಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಅಪ್ಪನ ತಂಡ ಅಲ್ಲದಿದ್ದರೆ ವರ್ಷಗಟ್ಟಲೆ ಗೆಲ್ಲದ ಡ್ರೈವರ್‌ಗೆ ಸೀಟು ಉಳಿಯುತ್ತಿತ್ತಾ? ಕಷ್ಟ. ದುಡ್ಡಿಲ್ಲದೆ, ಸ್ಪಾನ್ಸರ್ ಸಿಗದೆ ಮನೆಗೆ ಹೋದ ಎಷ್ಟೋ ಪ್ರತಿಭಾವಂತ ಹುಡುಗರಿಗೆ ಇಂಥ ಅಪ್ಪ ಇರಲಿಲ್ಲ. ನಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದಿದವರಲ್ಲಿ ನಾನೇ ಮೊದಲಿಗ. ಹಾಗಾಗಿ ಈ ಅಸಮಾನತೆ ನನ್ನ ಕಣ್ಣಿಗೆ ಬೇಗ ಬೀಳುತ್ತೆ. ಆದರೆ ನನ್ನ ಕೆಲಸವನ್ನು ತಾತನ ಕೆಲಸದ ಜೊತೆ ಇಟ್ಟು ಯಾರೂ ತೂಗೋದಿಲ್ಲ. ಮಾರ್ಕೊಗೆ ಹೆಸರು ಬಾಗಿಲು ತೆರೆಯಿತು, ಜೊತೆಗೆ ಅಳತೆಗೋಲನ್ನೂ ಉದ್ದ ಮಾಡಿತು. ಬೇರೆ ಯಾರಾದರೂ ಎರಡು ಇಂಡಿಕಾರ್ ರೇಸ್ ಗೆದ್ದು, ಇಂಡಿ 500ರಲ್ಲಿ ನಾಲ್ಕು ಸಲ ಮೊದಲ ಮೂವರಲ್ಲಿ ಬಂದಿದ್ದರೆ ಅವರ ಊರಿನಲ್ಲಿ ಮೆರವಣಿಗೆ ಮಾಡುತ್ತಿದ್ದರು.

ಶಾಪವೋ, ಲೆಕ್ಕವೋ

ಶಾಪದ ಮಾತಿಗೆ ಬರೋಣ. ಮಾರ್ಕೊ ಒಟ್ಟು 20 ಸಲ ಇಂಡಿ 500 ಓಡಿದ. ಎಲ್ಲ 33 ಕಾರುಗಳೂ ಸಮಾನ ಅಂತಿಟ್ಟುಕೊಳ್ಳಿ. ಹಾಗಾದರೆ 20 ಸಲ ಓಡಿಯೂ ಒಮ್ಮೆಯೂ ಗೆಲ್ಲದಿರುವ ಸಾಧ್ಯತೆ ಶೇಕಡ 54ರಷ್ಟು. ಅಂದರೆ ಗೆಲ್ಲದಿರುವುದೇ ಇಲ್ಲಿ ಮಾಮೂಲು! ಅವನ ತಂಡ ಬಲಿಷ್ಠವಾಗಿತ್ತು, ಹಾಗಾಗಿ ಗೆಲ್ಲುವ ಅವಕಾಶ ಇದಕ್ಕಿಂತ ಹೆಚ್ಚಿತ್ತು ಅನ್ನೋದೂ ನಿಜ. ಆದರೂ ಶಾಪ ಅಂತ ಕರೆಯುವಂಥದ್ದು ಇಲ್ಲಿ ಏನೂ ಇಲ್ಲ. ಒಂದು ಪಂಪು, ಒಂದು ಎಂಜಿನ್, ಆರು ಮೀಟರ್. ಇವನ್ನೆಲ್ಲ ಒಂದೇ ಅಡ್ಡಹೆಸರಿನ ದಾರದಲ್ಲಿ ಪೋಣಿಸಿದಾಗ ಶಾಪದಂತೆ ಕಾಣುತ್ತೆ, ಅಷ್ಟೇ.

ಕೊನೆಯ ದೊಡ್ಡ ಅವಕಾಶ ಬಂದದ್ದು 2020ರಲ್ಲಿ. ಅರ್ಹತಾ ಸುತ್ತಿನಲ್ಲಿ ಒಬ್ಬನೇ ನಾಲ್ಕು ಸುತ್ತು ಓಡಬೇಕು, ಸರಾಸರಿ ವೇಗ ಹೆಚ್ಚಿದ್ದವನಿಗೆ ಮೊದಲ ಜಾಗ. ಮಾರ್ಕೊನ ವೇಗ ಗಂಟೆಗೆ 231.068 ಮೈಲಿ, ಅಂದರೆ ಸುಮಾರು 372 ಕಿಲೋಮೀಟರ್. ಎರಡನೆಯವನಾದ ಸ್ಕಾಟ್ ಡಿಕ್ಸನ್‌ನದು 231.051. ಹದಿನಾರು ಕಿಲೋಮೀಟರ್ ಓಡಿದರೆ ಇವರಿಬ್ಬರ ನಡುವೆ ಉಳಿಯುವ ದೂರ ಒಂದು ಮೀಟರ್ ಚಿಲ್ಲರೆ. 2006ರಲ್ಲಿ ಕಳೆದುಕೊಂಡದ್ದಕ್ಕಿಂತಲೂ ಸಣ್ಣ ಅಂತರ ಈ ಸಲ ಅವನ ಪರವಾಗಿತ್ತು. ತಾತ 1987ರಲ್ಲಿ ಪಡೆದ ಮೇಲೆ, 33 ವರ್ಷಗಳ ನಂತರ ಆಂಡ್ರೆಟ್ಟಿಯೊಬ್ಬ ಮೊದಲ ಸಾಲಿನ ಮೊದಲ ಜಾಗದಲ್ಲಿ!

ಆದರೆ ಅದು ಕೊರೊನಾ ವರ್ಷ. ಮೇ ತಿಂಗಳ ಓಟ ಆಗಸ್ಟ್‌ಗೆ ಹೋಗಿತ್ತು. ಲಕ್ಷಾಂತರ ಜನ ಕೂರುವ ಗ್ಯಾಲರಿ ಬಿಕೋ ಅನ್ನುತ್ತಿತ್ತು. ಹಸಿರು ಬಾವುಟ ಬಿದ್ದೊಡನೆ ಡಿಕ್ಸನ್ ಮುಂದೆ ಹೋದ. ಮಾರ್ಕೊ ಒಂದು ಸುತ್ತೂ ಮುಂದಿರದೆ 13ನೆಯವನಾಗಿ ಮುಗಿಸಿದ. ಆ ಋತುವಿನ ಪಟ್ಟಿಯಲ್ಲಿ ಅವನಿಗೆ 20ನೇ ಸ್ಥಾನ. 2021ರ ಆರಂಭದಲ್ಲಿ ಅವನೇ ಮುಂದೆ ಬಂದು, ಇನ್ನು ಪೂರ್ತಿ ಋತು ಓಡೋದಿಲ್ಲ ಅಂದ. ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬಾರದು ಅಂತಾರಲ್ಲ, ಆ ಮಾತು ನನಗೆ ಆಗ ನೆನಪಾಯಿತು.

ಇಂಡಿ 500 ಒಂದನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದ. ಮಧ್ಯೆ 2022ರಲ್ಲಿ ಎಸ್‌ಆರ್‌ಎಕ್ಸ್ ಎಂಬ ಬೇರೆ ಸರಣಿಯ ಚಾಂಪಿಯನ್ ಆದ. 2025ರಲ್ಲಿ 33 ಜಾಗಕ್ಕೆ 34 ಕಾರು ಬಂದಿದ್ದವು. ಕೊನೆಯ ಅವಕಾಶದ ಅರ್ಹತಾ ಸುತ್ತಿನಲ್ಲಿ ಒದ್ದಾಡಿ ಮಾರ್ಕೊ ಜಾಗ ಗಿಟ್ಟಿಸಿಕೊಂಡ. ಓಟದ ದಿನ ಆರಂಭದಲ್ಲೇ ಕಾರು ಗೋಡೆಗೆ ಬಡಿಯಿತು. ಸಿನಿಮಾದಲ್ಲಾದರೆ ಹೀಗೆ ಮುಗಿಸೋಕೆ ಯಾವ ನಿರ್ದೇಶಕನೂ ಒಪ್ಪುತ್ತಿರಲಿಲ್ಲ.

ತಾತ ಇಂಡಿ 500 ಓಡಿದ್ದು 29 ಸಲ, ಅಪ್ಪ 16 ಸಲ, ಮಾರ್ಕೊ 20 ಸಲ. ಮೂವರದೂ ಸೇರಿ 65 ಓಟ, ಗೆಲುವು 1969ರ ಅದೊಂದೇ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕಾರೂಢಿ, ಹಾಗಾಗಿ ಎಲ್ಲರಿಗೂ ಆ ಒಂದು ಕಾಣುತ್ತೆ. ಉಳಿದ 64 ಸಲವೂ ಇವರು ಬೆಲ್ಟ್ ಬಿಗಿದುಕೊಂಡು ಹೊರಟಿದ್ದರು. ಅದರಲ್ಲಿ ಅಪ್ಪನಿಗಿಂತ ನಾಲ್ಕು ಸಲ ಹೆಚ್ಚು ಹೊರಟವನು ಈ ಮೊಮ್ಮಗ. ಮನೆಯ ಮಕ್ಕಳನ್ನು ‘ನಿಮ್ಮ ತಾತ ಹೇಗಿದ್ದರು, ನಿಮ್ಮಪ್ಪ ಹೇಗಿದ್ದರು’ ಅಂತ ತೂಗುವ ಅಭ್ಯಾಸ ನಮ್ಮಲ್ಲೂ ಇದೆಯಲ್ಲ. ಮುಂದಿನ ಸಲ ಆ ಮಾತು ಬಾಯಿಗೆ ಬಂದಾಗ 52, 42ರ ಪಕ್ಕದಲ್ಲಿ ನಿಂತಿರುವ ಆ ಎರಡನ್ನೂ ಒಮ್ಮೆ ನೆನೆಸಿಕೊಳ್ಳಿ.