ಡೆಕೋರಂ ಎಂಬ ಮಾತು, ಒಪ್ಪ ಎಂಬ ಮಾತು

ಇಂಗ್ಲಿಷಿನ ಕೆಲವು ಮಾತುಗಳು ಕನ್ನಡಕ್ಕೆ ನೆಂಟರಂತೆ ಬಂದು ನಾಲ್ಕು ದಿನವಿದ್ದು ಹೋಗುತ್ತವೆ. ಕೆಲವು ಮನೆಯವರೇ ಆಗಿಬಿಡುತ್ತವೆ. ‘ಡೆಕೋರಂ’ ಎಂಬ ಮಾತು ನಮ್ಮಲ್ಲಿಗೆ ಬರುವುದು ಅಧಿಕಾರಿಯಂತೆ. ಶಾಸನಸಭೆಯಲ್ಲಿ ಗದ್ದಲವೆದ್ದಾಗ, ನ್ಯಾಯಾಲಯದಲ್ಲಿ ಧ್ವನಿ ಏರಿದಾಗ, ತರಗತಿಯಲ್ಲಿ ಹುಡುಗರು ಬೆಂಚು ಬಡಿದಾಗ, ‘ಡೆಕೋರಂ ಕಾಪಾಡಿ’ ಎಂಬ ಅಪ್ಪಣೆಯ ರೂಪದಲ್ಲಿ ಅದು ಕಿವಿಗೆ ಬೀಳುತ್ತದೆ. ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ನನ್ನನ್ನು ವಿದ್ಯಾರ್ಥಿಗಳು ಅದರ ಅರ್ಥ ಕೇಳುವುದುಂಟು. ‘ಸಭ್ಯತೆ’ ಎಂದು ಹೇಳಿ ಮುಗಿಸಬಹುದು. ನಿಘಂಟಿನ ಅಡ್ಡಿಯೇನೂ ಇಲ್ಲ. ಆದರೆ ಸಭ್ಯತೆಯೆಂಬುದು ಸಭೆಯಲ್ಲಿ ಕುಳಿತವರ ಗುಣ. ಸಭೆಯ ಹೊರಗೆ ನಿಂತವನಿಗೆ ಆ ಮಾತಿನಲ್ಲಿ ಎಡೆಯಿದೆಯೆ ಎಂಬ ಶಂಕೆ ನನ್ನನ್ನು ಬಿಟ್ಟಿಲ್ಲ.

ಮಾತಿನ ಹುಟ್ಟನ್ನು ಹುಡುಕಿಕೊಂಡು ಹೋದರೆ ಲ್ಯಾಟಿನ್ ಭಾಷೆಗೆ ತಲಪುತ್ತೇವೆ. ಅಲ್ಲಿ ‘ಡೆಕೆರೆ’ ಎಂದರೆ ತಕ್ಕುದಾಗಿರುವುದು, ಒಪ್ಪುವುದು. ಇಂಗ್ಲಿಷಿನ ‘ಡೀಸೆಂಟ್’ ಆ ಮೂಲದ್ದು. ಅಲಂಕರಿಸುವುದೆಂಬ ಅರ್ಥದ ‘ಡೆಕೊರೇಟ್’ ಕೂಡ ಅದೇ ಬಳಗದ್ದು. ರೋಮಿನ ಸಿಸಿರೋ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ತನ್ನ ಮಗನಿಗಾಗಿ ಬರೆದ ಗ್ರಂಥದಲ್ಲಿ, ಗ್ರೀಕರ ‘ಪ್ರೆಪಾನ್’ ಎಂಬ ಪದಕ್ಕೆ ಸಮನಾಗಿ ‘ಡೆಕೋರಂ’ ಎಂಬುದನ್ನು ಬಳಸಿ, ಅದನ್ನು ಸಜ್ಜನಿಕೆಯಿಂದ ಬೇರ್ಪಡಿಸಲಾಗದೆಂದು ವಾದಿಸಿದ. ವಯಸ್ಸಿಗೆ, ಸ್ಥಾನಕ್ಕೆ, ಸ್ವಭಾವಕ್ಕೆ ತಕ್ಕಂತೆ ನಡೆಯುವುದು ಅವನ ಮತದಲ್ಲಿ ಡೆಕೋರಂ. ಹಾಗಾದರೆ ಅದು ಹಿರಿಯ ಪದವಿಯವನನ್ನು ಹೆಚ್ಚಾಗಿ ಕಟ್ಟಿಹಾಕಬೇಕಷ್ಟೆ. ನಾವು ಮಾತ್ರ ಅದನ್ನು ಮೇಲಿನಿಂದ ಕೆಳಕ್ಕೆ ಎಸೆಯುವ ಮಾತನ್ನಾಗಿ ಮಾಡಿಕೊಂಡಿದ್ದೇವೆ.

ಇದೇ ಪದ ಇನ್ನೊಂದು ದಾರಿಯಲ್ಲೂ ನಡೆಯಿತು. ತಾಯ್ನಾಡಿಗಾಗಿ ಸಾಯುವುದು ಇಂಪಾದುದು, ಒಪ್ಪುವಂಥದು ಎಂದು ರೋಮನ್ ಕವಿ ಹೊರೇಸ್ ಹೇಳಿದ್ದ. ಅವನ ಸಾಲಿನಲ್ಲಿರುವುದೂ ಡೆಕೋರಂ ಎಂಬ ಪದವೇ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ವಿಷಾನಿಲದಿಂದ ಸಾಯುವವರನ್ನು ಕಂಡ ವಿಲ್ಫ್ರೆಡ್ ಓವೆನ್ ಆ ಸಾಲಿನ ಮಾತುಗಳನ್ನೇ ತನ್ನ ಕವಿತೆಯೊಂದಕ್ಕೆ ಹೆಸರಾಗಿಟ್ಟು, ಅದನ್ನು ಹಳೆಯ ಸುಳ್ಳೆಂದು ಕರೆದ. ಓವೆನ್ 1918ರಲ್ಲಿ, ಯುದ್ಧ ನಿಲ್ಲುವುದಕ್ಕೆ ಒಂದು ವಾರವಿದ್ದಾಗ, ರಣರಂಗದಲ್ಲೇ ಮಡಿದ.

ಈ ಪಾಠ ಹೇಳುವಾಗಲೆಲ್ಲ ನನಗೆ ಹೆಬ್ಬಾಳದ ಕಿತ್ತಯ್ಯನ ನೆನಪಾಗುತ್ತದೆ. 2018ರಲ್ಲಿ ಬೆಳಕಿಗೆ ಬಂದ ಆ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯವುಗಳ ಪೈಕಿ ಒಂದು. ಊರಿನ ಮೇಲೆ ದಾಳಿಯಾದಾಗ ಕಾದಾಡಿದ ಕಿತ್ತಯ್ಯ ‘ಸತ್ತನು’ ಎಂದು ಶಾಸನ ಹೇಳುವುದಿಲ್ಲ. ಇಂದ್ರಲೋಕವನ್ನು ಹೊಕ್ಕನೆಂದು ಹೇಳುತ್ತದೆ. ಇದು ನಮ್ಮ ಡೆಕೋರಂ. ಇದನ್ನೂ ಓವೆನ್ ಹಳೆಯ ಸುಳ್ಳೆನ್ನುತ್ತಿದ್ದನೆ? ಹೇಳುವುದು ಕಷ್ಟ. ಯಾವುದೋ ದೂರದ ಸಾಮ್ರಾಜ್ಯಕ್ಕಾಗಿ ಸಾಯಲು ಹುಡುಗರನ್ನು ಹುರಿದುಂಬಿಸುವ ಮಾತಿಗೂ, ತಮ್ಮ ಊರಿಗಾಗಿ ಸತ್ತವನ ಬಗೆಗೆ ಉಳಿದವರು ಕಲ್ಲಿನಲ್ಲಿ ಕೊರೆಯಿಸಿದ ಮಾತಿಗೂ ಅಂತರವಿದೆ. ಮೊದಲನೆಯದು ಸಾವಿಗೆ ಮುಂಚೆ ಆಡಿದ್ದು, ಎರಡನೆಯದು ಸಾವಿನ ಮೇಲೆ ಆಡಿದ್ದು. ಒಂದೇ ಮಾತು ಹೊತ್ತಿಗೆ ತಕ್ಕಂತೆ ಉಚಿತವೂ ಆಗಬಹುದು, ಕ್ರೂರವೂ ಆಗಬಹುದು. ಇನ್ನೊಂದು ಸಂಗತಿಯುಂಟು: ಆ ಶಾಸನದಲ್ಲಿ ಕಿತ್ತಯ್ಯನಿಗೆ ಹಚ್ಚಿದ ಕ್ರಿಯಾಪದ ಏಕವಚನದ್ದು. ಇಂದು ಯಾರನ್ನಾದರೂ ಹಾಗೆ ಏಕವಚನದಲ್ಲಿ ಕರೆದರೆ ಜಗಳವಾದೀತು. ಅಂದಿನವರಿಗೆ ಗೌರವದಲ್ಲಿ ಕೊರತೆ ಕಂಡಿರಲಿಕ್ಕಿಲ್ಲ. (ನಾವಾದರೋ ಕವಿಗುರು ರವೀಂದ್ರನಾಥ ಠಾಕೂರರ ಹೆಸರನ್ನು ಗೌರವದಿಂದ ಒಂದು ಬಡಾವಣೆಗೆ ಇಟ್ಟು, ಮರುಗಳಿಗೆಯೇ ಅದನ್ನು ಆರ್.ಟಿ. ನಗರ ಮಾಡಿಕೊಂಡವರು.)

ಔಚಿತ್ಯವೆಂಬ ಮಾತು ನಮ್ಮ ಕಾವ್ಯಮೀಮಾಂಸೆಯಲ್ಲಿ ಬಹು ದೊಡ್ಡದು. ರಸಭಂಗಕ್ಕೆ ಅನೌಚಿತ್ಯಕ್ಕಿಂತ ಬೇರೆ ಕಾರಣವಿಲ್ಲವೆಂದು ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ಹೇಳಿದ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಅದನ್ನು ಕಾವ್ಯದ ಜೀವವೆಂದೇ ಸಾರಿ ಒಂದು ಪುಸ್ತಕ ಬರೆದ. ಇಬ್ಬರೂ ಕಾಶ್ಮೀರದವರು. ಸೊಂಟದ ಡಾಬನ್ನು ಕೊರಳಿಗೆ, ಕೊರಳ ಹಾರವನ್ನು ಸೊಂಟಕ್ಕೆ ಹಾಕಿಕೊಂಡರೆ ಯಾರು ನಗುವುದಿಲ್ಲ ಎಂದು ಕ್ಷೇಮೇಂದ್ರ ಕೇಳುತ್ತಾನೆ. ಡೆಕೋರಂಗೆ ‘ಔಚಿತ್ಯ’ ಎಂದರೆ ಪಂಡಿತರಿಗೆ ತೃಪ್ತಿಯಾಗುತ್ತದೆ. ಆದರೆ ಆ ಮಾತು ಗ್ರಂಥಸ್ಥವಾಗಿಯೇ ಉಳಿದಿದೆ; ಬಸ್ಸಿನಲ್ಲಿ ಯಾರೂ ಅದನ್ನು ಆಡುವುದಿಲ್ಲ. ‘ಮರ್ಯಾದೆ’ಯನ್ನು ಎಲ್ಲರೂ ಆಡುತ್ತಾರೆ. ಅದರ ಮೂಲಾರ್ಥ ಎಲ್ಲೆ, ಗಡಿ ಎಂದು. ‘ಮರ್ಯಾದೆಯಿಂದ ಮಾತಾಡು’ ಎಂಬುದರಲ್ಲಿ ಇಂದಿಗೂ ಗೆರೆ ಕೊರೆದ ಸದ್ದು ಕೇಳುತ್ತದೆ.

ನನ್ನ ಮನಸ್ಸು ಒಲಿದಿರುವುದು ‘ಒಪ್ಪ’ ಎಂಬ ಮಾತಿಗೆ. ಈ ಸೀರೆ ನಿನಗೆ ಒಪ್ಪುತ್ತದೆ ಎಂದಾಗ ಅದರ ಅರ್ಥ ತಕ್ಕುದು ಎಂದು. ಒಪ್ಪ ಓರಣ ಎಂದಾಗ ಚೆಲುವು, ಅಚ್ಚುಕಟ್ಟು. ನಾನು ಒಪ್ಪುತ್ತೇನೆ ಎಂದಾಗ ಸಮ್ಮತಿ. 1894ರ ಕಿಟ್ಟೆಲರ ಕೋಶದಲ್ಲಿಯೂ ಈ ಅರ್ಥಗಳು ಒಂದೇ ಸೂರಿನ ಕೆಳಗಿವೆ. ತಕ್ಕುದು ಮತ್ತು ಚೆಲುವು ಲ್ಯಾಟಿನ್ ಮಾತಿನ ಬಳಗದಲ್ಲಿಯೂ ಇವೆ. ಮೂರನೆಯದಾದ ಸಮ್ಮತಿ ಮಾತ್ರ ಕನ್ನಡದ ಕೊಡುಗೆ.

ಡೆಕೋರಂನ ಸೋದರಿಯಾದ ‘ಪ್ರೊಪ್ರೈಟಿ’ಯ ಕಥೆ ಇದಕ್ಕೆ ತೀರ ಬೇರೆ. ಅದೂ ಆಸ್ತಿಯೆಂಬ ಅರ್ಥದ ‘ಪ್ರಾಪರ್ಟಿ’ಯೂ ಅವಳಿಜವಳಿ, ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಪ್ರೊಪ್ರೈಟಿ ಎಂದರೆ ಒಡೆತನವೆಂದೇ ಅರ್ಥವಿತ್ತು. ಸದಾಚಾರವೆಂಬ ಅರ್ಥ ಬಂದದ್ದು ಆಮೇಲೆ. ಆಸ್ತಿಯುಳ್ಳವರ ನಡೆಯೇ ಸದಾಚಾರವೆಂದು ಇದರಿಂದ ಸಾಧಿಸಹೊರಟರೆ ಭಾಷಾಶಾಸ್ತ್ರಜ್ಞರು ನಕ್ಕಾರು. ಆದರೂ ಶಬ್ದಗಳು ಕೆಲವೊಮ್ಮೆ ತಮಗೆ ತಿಳಿಯದೆ ನಿಜ ನುಡಿಯುತ್ತವೆ.

2024ರ ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ನಡೆದುದನ್ನು ಅನೇಕರು ಮರೆತಿರಬಹುದು. ತಲೆಯ ಮೇಲೆ ಮೂಟೆ ಹೊತ್ತು ಬಂದ ರೈತನೊಬ್ಬನನ್ನು, ಅವನ ಕೈಯಲ್ಲಿ ಟಿಕೆಟ್ ಇದ್ದರೂ, ಬಟ್ಟೆ ಕೊಳಕಾಗಿದೆಯೆಂದು ತಪಾಸಣೆಯ ಬಳಿ ತಡೆದರು. ಮೂಟೆಯಲ್ಲಿದ್ದದ್ದು ಬಟ್ಟೆಬರೆ. ಅಲ್ಲಿಂದ ಅದೇ ಹಸಿರು ಮಾರ್ಗದಲ್ಲಿ ಮೂರನೆಯ ನಿಲ್ದಾಣ ಯಶವಂತಪುರ. ನಗರದ ಅಡಿಗೆಮನೆಗೆ ಬೇಕಾದ ಈರುಳ್ಳಿ, ಆಲೂಗಡ್ಡೆಗಳನ್ನು ದಶಕಗಳ ಕಾಲ ರೈತರು ತಂದು ಸುರಿದದ್ದು ಅಲ್ಲಿನ ಮಾರುಕಟ್ಟೆ ಪ್ರಾಂಗಣದಲ್ಲಿ. ನಾವು ತಿನ್ನುವ ಪದಾರ್ಥಕ್ಕೆ ಅಂಟಿದ ಮಣ್ಣು ಒಪ್ಪುತ್ತದೆ, ತಂದವನ ಅಂಗಿಗೆ ಅಂಟಿದ್ದು ಒಪ್ಪುವುದಿಲ್ಲ! ಆದರೆ ಅಂದು ನಡೆದುದು ಅಷ್ಟೇ ಅಲ್ಲ. ಜೊತೆಯ ಪ್ರಯಾಣಿಕರು ಸಿಬ್ಬಂದಿಯನ್ನು ತಡೆದು ಪ್ರಶ್ನಿಸಿದರು. ಯಾವ ನಿಯಮದಲ್ಲಿದೆ ತೋರಿಸಿ ಎಂದರು. ಕೊನೆಗೆ ಆತನನ್ನು ಒಳಕ್ಕೆ ಕರೆದುಕೊಂಡೇ ಹೋದರು. ಅಲ್ಲಿ ಧ್ವನಿ ಏರಿತ್ತು, ಸಾಲು ನಿಂತಿತ್ತು. ಕಟ್ಟುನಿಟ್ಟಿನ ಇಂಗ್ಲಿಷ್ ಅರ್ಥದಲ್ಲಿ ಡೆಕೋರಂ ಕೆಟ್ಟಿತ್ತು. ಒಪ್ಪ ಉಳಿದದ್ದು ಆ ಗದ್ದಲದಿಂದಲೇ. ಮೆಟ್ರೋ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದುಹಾಕಿತು. ಈ ಬಟ್ಟೆ ಸಲ್ಲದು ಎಂಬ ಭಾವನೆಯನ್ನು ಆತ ಎಲ್ಲಿ ಕಲಿತನೆಂಬ ವಿಚಾರಣೆ ಅದರಿಂದ ಮುಗಿಯುವುದಿಲ್ಲ. ಅದೇ ವರ್ಷ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯರೊಬ್ಬರನ್ನು ಪಂಚೆಯುಟ್ಟಿದ್ದಕ್ಕಾಗಿ ಬಾಗಿಲಲ್ಲೇ ನಿಲ್ಲಿಸಿದರು. ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು.

ಸಿಸಿರೋ ಹೇಳಿದ ಅರ್ಥ ಪೂರ್ತಿ ಸತ್ತಿಲ್ಲವೆನ್ನುವುದಕ್ಕೂ ಅದೇ ವರ್ಷದಲ್ಲಿ ನಿದರ್ಶನವಿದೆ. ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಪೀಠದಿಂದ ಆಡಿದ ಮಾತುಗಳನ್ನು, ಬೆಂಗಳೂರಿನ ಒಂದು ಪ್ರದೇಶವನ್ನೂ ಮಹಿಳಾ ವಕೀಲರೊಬ್ಬರನ್ನೂ ಕುರಿತವುಗಳನ್ನು, ಸರ್ವೋಚ್ಚ ನ್ಯಾಯಾಲಯ ತಾನಾಗಿ ವಿಚಾರಣೆಗೆತ್ತಿಕೊಂಡಿತು. ಅವರು ತೆರೆದ ನ್ಯಾಯಾಲಯದಲ್ಲಿ ವಿಷಾದ ವ್ಯಕ್ತಪಡಿಸಿದ ಮೇಲೆ ಪ್ರಕರಣ ಮುಗಿಯಿತು. ಡೆಕೋರಂ ಪೀಠವನ್ನೂ ಕೇಳಬಲ್ಲದೆಂಬುದನ್ನು ನನ್ನ ವಿದ್ಯಾರ್ಥಿಗಳು ಅಂದು ಪತ್ರಿಕೆಯಲ್ಲಿ ಓದಿದರು.

ಈಗ ನಾನು ಅರ್ಥ ಹೇಳುವುದನ್ನು ಬಿಟ್ಟು, ಒಂದು ಇಂಗ್ಲಿಷ್ ವಾಕ್ಯ ಕೊಟ್ಟು ಅನುವಾದ ಮಾಡಿಸುತ್ತೇನೆ: ಆತ ಡೆಕೋರಂ ಮೀರಿದ. ‘ಮರ್ಯಾದೆ ಮೀರಿದ’ ಎಂದೇ ಹೆಚ್ಚಿನವರು ಬರೆಯುತ್ತಾರೆ. ತಪ್ಪಲ್ಲ, ಪೂರ್ಣಾಂಕ ಕೊಡುತ್ತೇನೆ. ಕಳೆದ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಅವನು ನಡೆದುಕೊಂಡದ್ದು ಒಪ್ಪಲಿಲ್ಲ’ ಎಂದು ಬರೆದು, ಕೆಳಗೆ ಪೆನ್ಸಿಲಿನಲ್ಲಿ ‘ಯಾರಿಗೆ?’ ಎಂದು ಸೇರಿಸಿದ್ದಳು.